ಸಮ್ಮತಿಯ ಪ್ರಶ್ನೆ: ಒಂಟಾರಿಯೊದ ಮಧ್ಯಸ್ಥಿಕೆ ವಿವಾದದಲ್ಲಿ ಮುಸ್ಲಿಂ ದನಿಗಳು

ಕೆನಡಾದ ಒಂಟಾರಿಯೊ ಪ್ರಾಂತದ 1991ರ ಮಧ್ಯಸ್ಥಿಕೆ ಕಾಯ್ದೆಯು, ಉಭಯ ಪಕ್ಷಗಳು ಒಪ್ಪಿದ ಯಾವುದೇ ನಿಯಮಾವಳಿಯಂತೆ ಖಾಸಗಿ ವ್ಯಾಜ್ಯವನ್ನು ನ್ಯಾಯಾಲಯದ ಹೊರಗೆ ಬಗೆಹರಿಸಿಕೊಳ್ಳಲು ಎಡೆಮಾಡಿಕೊಟ್ಟಿತ್ತು. ಹಾಗೆ ಬಂದ ತೀರ್ಪಿಗೆ ನ್ಯಾಯಾಲಯದ ಬಲವೂ ದೊರೆಯುತ್ತಿತ್ತು. ಯಹೂದಿ ಧರ್ಮನ್ಯಾಯಮಂಡಳಿಗಳು ಈ ಅವಕಾಶವನ್ನು ಸದ್ದಿಲ್ಲದೆ ಬಳಸಿಕೊಂಡಿದ್ದವು. ವಿವಾದವೆದ್ದುದು 2003ರಲ್ಲಿ, ಷರೀಅತ್ತಿನಂತೆ ಕೌಟುಂಬಿಕ ವ್ಯಾಜ್ಯಗಳನ್ನು ತೀರ್ಮಾನಿಸುವ ಸಂಸ್ಥೆಯೊಂದನ್ನು ವಕೀಲ ಸೈಯದ್ ಮುಮ್ತಾಜ್ ಅಲಿ ಪ್ರಕಟಿಸಿದಾಗ.

ಗಟ್ಟಿಯಾದ ವಿರೋಧ ಮುಸ್ಲಿಮರೊಳಗಿನಿಂದಲೇ ಬಂದಿತು. 1982ರಲ್ಲಿ ಸ್ಥಾಪಿತವಾದ ಕೆನಡಾದ ಮುಸ್ಲಿಂ ಮಹಿಳಾ ಪರಿಷತ್ತು, ತಾರಿಕ್ ಫತಾಹ್ ಮೊದಲಾದವರು 2001ರಲ್ಲಿ ಕಟ್ಟಿದ ಮುಸ್ಲಿಂ ಕೆನಡಿಯನ್ ಕಾಂಗ್ರೆಸ್, ಇರಾನಿನಿಂದ ವಲಸೆ ಬಂದ ಹೋಮಾ ಅರ್ಜುಮಂದ್ ಅವರ ಚಳವಳಿ: ಇವನ್ನೆಲ್ಲ ‘ಪ್ರಗತಿಪರ ಮುಸ್ಲಿಮರು’ ಎಂಬ ಒಂದೇ ಹೆಸರಿನಡಿ ಕಟ್ಟುವುದು ಸರಿಯಾಗದು. ಅರ್ಜುಮಂದ್ ಅವರದು ಧರ್ಮವನ್ನೇ ಕಾನೂನಿನಿಂದ ದೂರವಿಡುವ ನಿಲುವು. ಪರಿಷತ್ತಿನವರಾದರೋ ಶ್ರದ್ಧಾವಂತ ಮಹಿಳೆಯರು.

ಪರಿಷತ್ತಿನ ವಾದವೇ ಹೆಚ್ಚು ಗಮನಾರ್ಹವೆಂದು ನನ್ನ ಎಣಿಕೆ. ಕಾಯ್ದೆ ನಿಂತಿದ್ದುದು ಸಮ್ಮತಿಯ ಮೇಲೆ. ಆದರೆ ಇಂಗ್ಲಿಷ್ ತಿಳಿಯದ, ಗಂಡನ ಕುಟುಂಬವನ್ನೇ ನಂಬಿ ಬದುಕುವ ಹೊಸ ವಲಸಿಗಳು ಒಲ್ಲೆನೆಂದರೆ ಅವಳ ಧರ್ಮನಿಷ್ಠೆಯೇ ಪ್ರಶ್ನೆಗೊಳಗಾಗುತ್ತದೆ. ಅಂಥ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ? ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯ ನಾದಿರಾಳನ್ನು ಬಲ್ಲ ನಮ್ಮ ಗಡಿನಾಡಿನ ಓದುಗರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಇನ್ನೊಂದು ತೊಡಕೂ ಇತ್ತು: ಫಿಕ್ಹ್ ಪರಂಪರೆಗಳು ಹಲವಾಗಿರುವಾಗ ಯಾವುದರಂತೆ ತೀರ್ಪು?

2004ರ ಡಿಸೆಂಬರಿನಲ್ಲಿ ಮರಿಯನ್ ಬಾಯ್ಡ್ ವರದಿಯು ರಕ್ಷಣಾ ಕ್ರಮಗಳೊಡನೆ ಧಾರ್ಮಿಕ ಮಧ್ಯಸ್ಥಿಕೆ ಮುಂದುವರಿಯಬಹುದೆಂದಿತು. ಕ್ವಿಬೆಕ್‌ನ ಶಾಸನಸಭೆಯಾದರೋ 2005ರ ಮೇ 26ರಂದು ಇಂಥ ನ್ಯಾಯಮಂಡಳಿಗಳ ವಿರುದ್ಧ ಒಮ್ಮತದ ನಿರ್ಣಯ ಕೈಗೊಂಡಿತು. ಅದನ್ನು ಮಂಡಿಸಿದವರು ಮೊರಾಕ್ಕೊ ಮೂಲದ ಮುಸ್ಲಿಂ ಸದಸ್ಯೆ ಫಾತಿಮಾ ಹೂದಾ-ಪೆಪ್ಯಾಂ. ಸೆಪ್ಟೆಂಬರ್ 11ರಂದು ಒಂಟಾರಿಯೊದ ಪ್ರಧಾನಿ ಡಾಲ್ಟನ್ ಮೆಗಿಂಟಿ ಎಲ್ಲರಿಗೂ ಒಂದೇ ಕಾನೂನೆಂದು ಸಾರಿದರು. 2006ರ ತಿದ್ದುಪಡಿಯಿಂದ ಯಹೂದಿ ಮಂಡಳಿಗಳ ಕೌಟುಂಬಿಕ ತೀರ್ಪುಗಳೂ ಆ ಬಲ ಕಳೆದುಕೊಂಡವು. ಇಲ್ಲಿ ‘ಜಾತ್ಯತೀತತೆ’ಗಿಂತ ‘ಧರ್ಮನಿರಪೇಕ್ಷತೆ’ ಎಂಬ ಪದವೇ ಹೊಂದುತ್ತದೆ.

ಈ ಗೆಲುವಿಗೆ ಬೆಲೆಯೂ ಇತ್ತು. ಸ್ತ್ರೀವಾದಿಗಳ ವಾದಸರಣಿಯು ಆಧುನಿಕ ಪಶ್ಚಿಮ, ಹಿಂದುಳಿದ ಮುಸ್ಲಿಂ ಎಂಬ ಹಳೆಯ ವಿಭಜನೆಗೆ ಬಲ ತುಂಬಿತೆಂದು ಶೆರೀನ್ ರಝಾಕ್ ಆಕ್ಷೇಪಿಸಿದರು. ಆಕ್ಷೇಪ ತಳ್ಳಿಹಾಕುವಂಥದಲ್ಲ, ಆದರೆ ಹೊರಗಿನವರು ದುರುಪಯೋಗಿಸುವರೆಂಬ ಭಯಕ್ಕೆ ಒಳಗಿನ ಹೆಣ್ಣು ಸುಮ್ಮನಿರಬೇಕೇ ಎಂಬುದಕ್ಕೆ ಅದರಲ್ಲಿ ಉತ್ತರ ಸಾಲದು. ಅಂದಹಾಗೆ, ಇಮಾಮರ ಸಲಹೆ ಕೇಳಲು ಇಂದಿಗೂ ಅಡ್ಡಿಯಿಲ್ಲ. ಆ ಸಲಹೆಯನ್ನು ನ್ಯಾಯಾಲಯ ಜಾರಿಗೊಳಿಸುವುದಿಲ್ಲ, ಅಷ್ಟೆ.