ಹೆಪ್ಪುಗಟ್ಟುವ ದಾರಿ, ಕರಗುವ ದಾರಿ

ಬೆಟ್ಟದ ಸೈಕಲ್ ಸವಾರಿಯನ್ನು ದೂರದರ್ಶನದ ಪರದೆಯ ಮೇಲೆ ನೀವು ನೋಡಿರಬಹುದು. ದಪ್ಪ ಟೈರಿನ ಸೈಕಲ್ಲುಗಳು ಕಲ್ಲು, ಬೇರುಗಳ ಮೇಲೆ ಕುಪ್ಪಳಿಸುತ್ತ ಇಳಿಯುವ ದೃಶ್ಯ ರೋಮಾಂಚಕಾರಿಯೇ ಸರಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಬಾರಿಗೆ ಪದಕದ ಕ್ರೀಡೆಯಾಯಿತು. ಆದರೆ ಸ್ಪರ್ಧೆಯ ದಿನ ಕಾಣದ ಒಂದು ಸಂಗತಿಯಿದೆ. ಸವಾರರು ದಿನನಿತ್ಯ ಬಳಸುವ ಕಿರುದಾರಿಗಳು ಅವರೊಬ್ಬರ ಸ್ವತ್ತಲ್ಲ. ಅದೇ ದಾರಿಯಲ್ಲಿ ನಡೆದು ಹೋಗುವವರಿದ್ದಾರೆ, ಕುದುರೆಯೇರಿ ಬರುವವರಿದ್ದಾರೆ, ಹಿಮ ಬಿದ್ದರೆ ಸ್ಕೀ ಕಟ್ಟಿಕೊಂಡು ಜಾರುವವರೂ ಇದ್ದಾರೆ. ಚಳಿಗಾಲ ಬಂತೆಂದರೆ ಈ ಹಂಚಿಕೆ ಕಠಿಣವಾಗುತ್ತದೆ. ಏಕೆಂದು ತಿಳಿಯಬೇಕಾದರೆ ಮೊದಲು ಕಾಲಡಿಯ ಮಣ್ಣನ್ನು ವಿಚಾರಿಸಬೇಕು.

ಉದಾಹರಣೆಗೆ, ಅಮೆರಿಕದ ಕೊಲರಾಡೋ ರಾಜ್ಯದ ಬೋಲ್ಡರ್ ನಗರವನ್ನು ತೆಗೆದುಕೊಳ್ಳೋಣ. ರಾಕಿ ಪರ್ವತಗಳ ಪೂರ್ವದ ತಪ್ಪಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,650 ಮೀಟರ್ ಎತ್ತರದಲ್ಲಿ ಇರುವ ಊರು ಇದು. ಸುತ್ತಲಿನ ಬಯಲು, ಗುಡ್ಡಗಳನ್ನು ಕೊಂಡು ಉಳಿಸಿಕೊಳ್ಳಲು ಇಲ್ಲಿನ ನಾಗರಿಕರು 1967ರಲ್ಲಿ ಮತ ಹಾಕಿ ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹೇರಿಕೊಂಡರು. ಹಾಗಾಗಿ ಊರಿನ ಅಂಚಿನಲ್ಲೇ ಕಿರುದಾರಿಗಳು ಆರಂಭವಾಗುತ್ತವೆ. ಚಳಿಗಾಲದಲ್ಲಿ ಇಲ್ಲಿ ಹಿಮ ಬೀಳುತ್ತದೆ, ಒಂದೆರಡು ದಿನಕ್ಕೆಲ್ಲ ಬಿಸಿಲು ಪ್ರಖರವಾಗಿ ಕಾಯುತ್ತದೆ. ರಾತ್ರಿ ಉಷ್ಣತೆ ಶೂನ್ಯಕ್ಕಿಂತ ಎಷ್ಟೋ ಕೆಳಗೆ, ಮಧ್ಯಾಹ್ನ ಹತ್ತು ಡಿಗ್ರಿ ಸೆಲ್ಸಿಯಸ್. ಮಣ್ಣು ಹೆಪ್ಪುಗಟ್ಟುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ.

ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆಂದು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಮಣ್ಣಿನಲ್ಲಿ ನಡೆಯುವುದು ಅಷ್ಟೇ ಅಲ್ಲ. ನೆಲದ ಮೇಲ್ಪದರ ಹೆಪ್ಪುಗಟ್ಟತೊಡಗಿದಾಗ, ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವ ಹಾಗೆ, ಅದು ಕೆಳಗಿನ ಪದರಗಳಿಂದ ನೀರನ್ನು ತನ್ನತ್ತ ಸೆಳೆಯುತ್ತದೆ. ಹೀಗೆ ಬಂದ ನೀರು ತೆಳುವಾದ ಮಂಜಿನ ಹಾಳೆಗಳಾಗಿ, ಕೆಲವೊಮ್ಮೆ ಸೂಜಿಗಳಾಗಿ ಬೆಳೆದು ಮಣ್ಣನ್ನು ಮೇಲಕ್ಕೆತ್ತುತ್ತದೆ. ಮರಳು ನೆಲದಲ್ಲಿ ಇದು ಕಡಿಮೆ. ನವುರಾದ ಹೂಳುಮಣ್ಣು, ಜೇಡಿಮಣ್ಣುಗಳಲ್ಲಿ ಹೆಚ್ಚು. ಬೆಳಗಾಗುವ ಹೊತ್ತಿಗೆ ದಾರಿ ಸಿಮೆಂಟಿನಂತೆ ಗಟ್ಟಿ.

ಬಿಸಿಲೇರಿದ ಮೇಲೆ ಮೇಲಿನ ಒಂದೆರಡು ಅಂಗುಲ ಮಾತ್ರ ಕರಗುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಗುಪ್ತೋಷ್ಣ ಬೇಕಾದುದರಿಂದ ಒಂದು ಮಧ್ಯಾಹ್ನದ ಬಿಸಿಲು ಆಳಕ್ಕೆ ಇಳಿಯಲಾರದು. ಕರಗಿದ ನೀರು ಕೆಳಕ್ಕೆ ಇಂಗೋಣವೆಂದರೆ ಅಡಿಯಲ್ಲಿ ಇನ್ನೂ ಮಂಜಿನ ಮುಚ್ಚಳ. ಮೇಲೆ ಎಬ್ಬಿಸಿದ ಸಡಿಲ ಮಣ್ಣು, ಅದರಲ್ಲಿ ತನ್ನ ಅಳತೆ ಮೀರಿದ ನೀರು. ಇದಕ್ಕಿಂತ ದುರ್ಬಲವಾದ ನೆಲ ವರ್ಷದ ಬೇರಾವ ಕಾಲದಲ್ಲೂ ಸಿಕ್ಕುವುದು ಕಷ್ಟ. ಗದಗ, ವಿಜಾಪುರದ ಕಡೆಯ ಓದುಗರಿಗೆ ವಿವರಣೆ ಬೇಕಾಗದು: ಮಳೆ ಬಂದ ಎರೆಮಣ್ಣಿನಲ್ಲಿ ಸೈಕಲ್ ತಳ್ಳಿದವರಿಗೆ ಗಾಲಿ ತಿರುಗದಂತೆ ಮಣ್ಣು ಕಚ್ಚಿಕೊಳ್ಳುವುದು ಗೊತ್ತಿದೆ.

ಮಧ್ಯಾಹ್ನ ಆ ಕೆಸರಿನಲ್ಲಿ ಒಬ್ಬ ಸವಾರ ಹೋದನೆನ್ನಿ. ಅವನ ಗಾಲಿ ಎರಡು ಅಂಗುಲ ಆಳದ ಜಾಡು ಕೊರೆಯುತ್ತದೆ. ರಾತ್ರಿ ಅದು ಹಾಗೆಯೇ ಹೆಪ್ಪುಗಟ್ಟುತ್ತದೆ. ಮರುದಿನ ಬೆಳಿಗ್ಗೆ ನಡೆದು ಬರುವ ವೃದ್ಧರೊಬ್ಬರ ಕಾಲು ಆ ಕಲ್ಲಿನಂಥ ಅಂಚಿಗೆ ಸಿಕ್ಕಿ ಉಳುಕಬಹುದು. ಇನ್ನೊಬ್ಬ ಸವಾರನ ಮುಂಗಾಲಿ ಅದರೊಳಗೆ ಬಿದ್ದು ತಿರುಗಿಸಲಾಗದೆ ಅವನೇ ಉರುಳಬಹುದು. ಹಿಮ ಕರಗಿದಾಗ ನೀರು ಹರಿಯಲು ಸಿದ್ಧವಾದ ಕಾಲುವೆಯೂ ಅದೇ. ಇಷ್ಟೆಲ್ಲ ಆಗುವ ಹೊತ್ತಿಗೆ ಜಾಡು ಕೊರೆದವನು ಮನೆಯಲ್ಲಿ ಬೆಚ್ಚಗೆ ಕುಳಿತಿರುತ್ತಾನೆ.

ಆದ್ದರಿಂದ ಅಲ್ಲಿನ ಅನುಭವಿ ಸವಾರರು ಗಡಿಯಾರ ನೋಡಿ ಹೊರಡುತ್ತಾರೆ. ಮುಂಜಾನೆ ಗಟ್ಟಿ ನೆಲದ ಮೇಲೆ ಹೋಗಿ, ಮಣ್ಣು ಮೆತ್ತಗಾಗುವ ಮೊದಲೇ ಹಿಂದಿರುಗುತ್ತಾರೆ. ಬೆಟ್ಟದ ಮೈಯನ್ನೂ ಗಮನಿಸುತ್ತಾರೆ. ಉತ್ತರ ಗೋಳಾರ್ಧದ ಚಳಿಗಾಲದಲ್ಲಿ ಸೂರ್ಯ ದಕ್ಷಿಣದ ಕಡೆ ತಗ್ಗಿನಲ್ಲಿ ಸಾಗುವುದರಿಂದ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬೇಗ ಕರಗಿ ಬೇಗ ಒಣಗುತ್ತದೆ. ಉತ್ತರದ ಮೈಯಲ್ಲಿ, ಮರಗಳ ನೆರಳಿನಲ್ಲಿ, ಮಂಜುಗಡ್ಡೆ ವಾರಗಟ್ಟಲೆ ಉಳಿಯುತ್ತದೆ. ಒಂದೇ ದಾರಿಯ ಒಂದು ತಿರುವಿನಲ್ಲಿ ಧೂಳು, ಮುಂದಿನ ತಿರುವಿನಲ್ಲಿ ಗಾಜಿನಂಥ ಮಂಜು. ಗಾಲಿಯ ಗುರುತು ಆಳವಾಗಿ ಮೂಡತೊಡಗಿದರೆ ಇಳಿದು ಹಿಂದಿರುಗಬೇಕು. ನಡುವೆ ಸಣ್ಣ ಕೆಸರುಗುಂಡಿ ಎದುರಾದರೆ ಅದರ ಮಧ್ಯದಲ್ಲೇ ಹಾದುಹೋಗಬೇಕು. ಅಂಚಿನ ಹುಲ್ಲಿನ ಮೇಲೆ ಬಳಸಿಕೊಂಡು ಹೋದರೆ ಹುಲ್ಲು ಸತ್ತು ಒಂದಡಿ ಅಗಲದ ದಾರಿ ಕ್ರಮೇಣ ಗಾಡಿದಾರಿಯಷ್ಟು ಅಗಲವಾಗುತ್ತದೆ. ಷೂ ಕೊಳೆಯಾಗಬಾರದೆಂದು ಬದಿಗೆ ಸರಿಯುವ ಪಾದಚಾರಿಗಳೂ ಇದೇ ತಪ್ಪು ಮಾಡುತ್ತಾರೆ.

ಹಾಗಾದರೆ ದಾರಿ ಕೆಡಿಸುವವರು ಸೈಕಲ್ಲಿನವರೇ? ಪಾದಚಾರಿಗಳಲ್ಲಿ ಅನೇಕರು ಹೌದೆನ್ನುತ್ತಾರೆ. ಜಾನ್ ವಿಲ್ಸನ್ ಮತ್ತು ಜೋಸೆಫ್ ಸೇನಿ ಎಂಬ ಸಂಶೋಧಕರು ಮೊಂಟಾನಾ ರಾಜ್ಯದ ಬೆಟ್ಟದ ದಾರಿಗಳಲ್ಲಿ ಇದನ್ನೇ ಪರೀಕ್ಷಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆನೆದ ನೆಲದಲ್ಲಿ ಮಣ್ಣನ್ನು ಹೆಚ್ಚು ಸಡಿಲಿಸಿದ್ದು ಗಾಲಿಗಳಲ್ಲ, ಗೊರಸು ಮತ್ತು ಪಾದಗಳು. ಅದರಲ್ಲೂ ಕುದುರೆಯ ಗೊರಸು. ಸೈಕಲ್ ಪ್ರಿಯರು ಈ ಅಧ್ಯಯನವನ್ನು ಉತ್ಸಾಹದಿಂದ ಉದ್ಧರಿಸುವುದುಂಟು. ನನಗನ್ನಿಸುವಂತೆ ಅದು ಅರ್ಧ ಸಮಾಧಾನ ಮಾತ್ರ. ಹೆಜ್ಜೆಗುರುತು ಬಿಡಿಬಿಡಿಯಾಗಿರುತ್ತದೆ, ಗಾಲಿಯ ಜಾಡು ಕಡಿಯದೆ ಇಳಿಜಾರಿನುದ್ದಕ್ಕೂ ಸಾಗಿ ನೀರಿಗೆ ದಾರಿ ತೋರುತ್ತದೆ. ಕೆಸರಾದ ದಾರಿಗೆ ಯಾರೂ ಇಳಿಯದಿರುವುದೇ ಸರಿ. ಬೋಲ್ಡರ್ ನಗರಾಡಳಿತ ಕೆಸರಿನ ದಿನಗಳಲ್ಲಿ ಕೆಲವು ದಾರಿಗಳನ್ನು ತಾತ್ಕಾಲಿಕವಾಗಿ ಮುಚ್ಚಿದಾಗ ನಿಷೇಧ ಎಲ್ಲರಿಗೂ ಅನ್ವಯಿಸುತ್ತದೆ.

ಕೆಸರಿನ ಬದಲು ಹಿಮವೇ ಹಾಸಿದ್ದರೆ ಲೆಕ್ಕ ಬೇರೆ. ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕ 90 ಕಿಲೋಗ್ರಾಂ, ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಎಂದುಕೊಳ್ಳಿ. ಎರಡೂ ಗಾಲಿಗಳು ನೆಲವನ್ನು ಮುಟ್ಟುವ ಜಾಗ ಸ್ಥೂಲವಾಗಿ 45 ಚದರ ಸೆಂಟಿಮೀಟರ್. ಅಂದರೆ ಗಾಲಿಯೊಂದಕ್ಕೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಇಂಥ ಗಾಲಿ ಹಿಮದಲ್ಲಿ ಹೂತುಹೋಗುತ್ತದೆ. ಅದಕ್ಕೇ ನಾಲ್ಕು ಅಂಗುಲ ಅಗಲದ ಟೈರಿನ ಸೈಕಲ್ಲುಗಳು ಬಂದವು. 1987ರಲ್ಲಿ ಅಲಾಸ್ಕಾದ ಹಿಮದಾರಿಯಲ್ಲಿ ಸೈಕಲ್ ಸ್ಪರ್ಧೆ ಆರಂಭವಾದ ಮೇಲೆ ಅಲ್ಲಿನ ಸವಾರರು ಅಗಲ ಗಾಲಿಗಳನ್ನು ತಾವೇ ಮಾಡಿಕೊಳ್ಳತೊಡಗಿದರು. 2005ರಲ್ಲಿ ಮಿನೆಸೋಟದ ಸರ್ಲಿ ಸಂಸ್ಥೆ ಅಂಥ ಸೈಕಲ್ಲನ್ನು ಅಂಗಡಿಗೆ ತಂದಿತು. ಇದರ ಟೈರಿನಲ್ಲಿ ಗಾಳಿಯ ಒತ್ತಡವನ್ನು 0.4 ಕಿಲೋಗ್ರಾಂಗೆ ಇಳಿಸಿದರೆ ನೆಲ ಮುಟ್ಟುವ ಜಾಗ ಐದು ಪಟ್ಟಾಗುತ್ತದೆ. ಹಿಮದ ಮೇಲೆ ಬೀಳುವ ಒತ್ತಡ ಆಗ ಪಾದಚಾರಿಯದಕ್ಕೆ ಹತ್ತಿರ. ಆದರೂ ಗಾಲಿ ಒಂದಂಗುಲಕ್ಕಿಂತ ಹೆಚ್ಚು ಹೂತರೆ ಅಂದಿನ ಸವಾರಿ ಮುಗಿಯಿತೆಂದೇ ಅರ್ಥ. ಸ್ಕೀ ಮಾಡುವವರಿಗಾಗಿ ಯಂತ್ರದಿಂದ ಜೋಡಿಗೆರೆ ಹಾಕಿಟ್ಟ ಕಡೆ ಆ ಗೆರೆಗಳ ಮೇಲೆ ಸೈಕಲ್ ಬಿಡುವುದಾಗಲಿ ನಡೆಯುವುದಾಗಲಿ ಸಲ್ಲದು. ಮಂಜುಗಡ್ಡೆಯ ಮೇಲೆ ಅಗಲ ಟೈರೂ ಉಪಯೋಗವಿಲ್ಲ. ಅಲ್ಲಿ ಬೇಕಾದುದು ಮೊಳೆ ಕೂರಿಸಿದ ಟೈರು.

ಇನ್ನು ಎದುರಾದವರಿಗೆ ದಾರಿ ಬಿಡುವ ಕ್ರಮ. ಅಮೆರಿಕದ ಬಹುತೇಕ ದಾರಿಗಳಲ್ಲಿ ಸೈಕಲ್ಲಿನವರು ಎಲ್ಲರಿಗೂ, ಪಾದಚಾರಿಗಳು ಕುದುರೆಗೂ ದಾರಿ ಬಿಡಬೇಕು. ಸವಾರರಲ್ಲಿ ಇಳಿಯುವವನು ಏರುವವನಿಗೆ ಬಿಡಬೇಕು. ಏರುವವನು ಒಮ್ಮೆ ನಿಂತರೆ ಜಾರುವ ನೆಲದಲ್ಲಿ ಮತ್ತೆ ಹೊರಡಲಾರ. ಮಂಜಿನ ಮೇಲೆ ಬ್ರೇಕ್ ಹಿಡಿದರೆ ನಿಲ್ಲಲು ಬೇಕಾಗುವ ದೂರ ಒಣ ನೆಲದ ಹಲವು ಪಟ್ಟು. ಆದ್ದರಿಂದ ಇಳಿಯುವವನು ಜನ ಕಂಡ ಮೇಲಲ್ಲ, ತಿರುವು ಕಂಡಾಗಲೇ ನಿಧಾನಿಸಬೇಕು. ಚಳಿಗೆ ಎಲ್ಲರ ಕಿವಿಯೂ ಉಣ್ಣೆ ಟೋಪಿಯೊಳಗೆ. ಗಂಟೆಯನ್ನು ದೂರದಿಂದಲೇ ಬಾರಿಸಬೇಕು. ಕುದುರೆ ಬಂದರಂತೂ ಸೈಕಲ್ಲಿನಿಂದ ಇಳಿದು, ಇಳಿಜಾರಿನ ಕೆಳಮಗ್ಗುಲಿಗೆ ನಿಂತು, ಮೇಲೆ ಕುಳಿತವರನ್ನು ಮಾತನಾಡಿಸಬೇಕು. ಇದು ಬರಿಯ ಸೌಜನ್ಯವಲ್ಲ. ಕುದುರೆ ಬೇಟೆಗೆ ಬೆದರುವ ಪ್ರಾಣಿ. ಶಿರಸ್ತ್ರಾಣ, ಕನ್ನಡಕ ತೊಟ್ಟು ಸದ್ದಿಲ್ಲದೆ ಬಂದ ಆಕಾರ ಮನುಷ್ಯನೆಂದು ಅದಕ್ಕೆ ತಿಳಿಯುವುದು ದನಿ ಕೇಳಿದಾಗ.

ಈ ನಿಯಮಗಳು ಸುಮ್ಮನೆ ಹುಟ್ಟಲಿಲ್ಲ. ಕ್ಯಾಲಿಫೋರ್ನಿಯಾದ ಮರಿನ್ ಜಿಲ್ಲೆಯಲ್ಲಿ 1976ರಲ್ಲಿ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಪೈನ್ ಮೌಂಟನ್ ಇಳಿಜಾರಿನಲ್ಲಿ ಓಡಿಸಿ ಪಂದ್ಯ ಕಟ್ಟುತ್ತಿದ್ದರು. ಹಿಂಗಾಲಿಯ ಬ್ರೇಕು ಕಾದು ಒಳಗಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ಗ್ರೀಸ್ ತುಂಬಬೇಕಾದ್ದರಿಂದ ಆ ಪಂದ್ಯಕ್ಕೆ 'ರೀಪ್ಯಾಕ್' ಎಂದೇ ಹೆಸರಾಯಿತು. ಈ ಆಟ ಹಬ್ಬಿದಂತೆ ದೂರುಗಳೂ ಹೆಚ್ಚಿ, 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಅನೇಕ ಕಿರುದಾರಿಗಳು ಸೈಕಲ್ಲಿಗೆ ಮುಚ್ಚಿದವು. 1988ರಲ್ಲಿ ಅಲ್ಲಿನ ಸೈಕಲ್ ಸಂಘಗಳು ಸೇರಿ ಅಂತಾರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘವನ್ನು ಸ್ಥಾಪಿಸಿ ಸವಾರರಿಗೆ ನಡವಳಿಕೆಯ ನಿಯಮಗಳನ್ನು ಹಾಕಿಕೊಟ್ಟವು. ಸಲಿಕೆ ಹಿಡಿದು ದಾರಿ ದುರಸ್ತಿ ಮಾಡುವುದನ್ನೂ ತಮ್ಮ ಕೆಲಸವೆಂದು ಎತ್ತಿಕೊಂಡವು.

ಎಲ್ಲ ಕಡೆ ಒಟ್ಟಿಗೆ ಓಡಾಡಲೇಬೇಕೆಂದೂ ಇಲ್ಲ. ಬೋಲ್ಡರ್ ಸಮೀಪದ ಬೆಟಾಸೋ ಎಂಬ ರಕ್ಷಿತ ಪ್ರದೇಶದಲ್ಲಿ ಬುಧವಾರ ಮತ್ತು ಶನಿವಾರ ಸೈಕಲ್ಲಿಗೆ ಪ್ರವೇಶವಿಲ್ಲ. ಉಳಿದ ದಿನಗಳಲ್ಲಿ ಸವಾರರು ಸೂಚನಾಫಲಕದ ಬಾಣ ತೋರಿದ ದಿಕ್ಕಿನಲ್ಲೇ ಸುತ್ತು ಹಾಕಬೇಕು. ಹಾಗಾಗಿ ತಿರುವಿನಾಚೆಯಿಂದ ಇನ್ನೊಬ್ಬ ಸವಾರ ಎದುರು ಬಂದು ಡಿಕ್ಕಿಯಾಗುವ ಭಯ ತಪ್ಪಿದೆ. ಸದ್ದು ಗದ್ದಲ ಬೇಡವೆನ್ನುವ ಪಾದಚಾರಿಗಳು ಬುಧವಾರ ಬರುತ್ತಾರೆ.