ಕಲ್ಪಾಕ್ಕಂನ ಪುಟ್ಟ ರಿಯಾಕ್ಟರ್ ಕಲಿಸಿದ್ದು

ಕೈವಾರ, ಚಿಂತಾಮಣಿ ಸೀಮೆಯವರಿಗೆ ಅಣುಶಕ್ತಿ ಇಲಾಖೆಯ ಹತ್ತಿರದ ಗುರುತು ಗೌರಿಬಿದನೂರಿನ ಭೂಕಂಪನ ಕೇಂದ್ರ. ದೂರದೇಶಗಳಲ್ಲಿ ನೆಲದೊಳಗೆ ನಡೆಯುವ ಅಣುಸ್ಫೋಟಗಳ ಕಂಪನವನ್ನು ಅದು 1960ರ ದಶಕದಿಂದ ಹಿಡಿಯುತ್ತ ಬಂದಿದೆ. ಅದೇ ಇಲಾಖೆ ಚೆನ್ನೈಗೆ ದಕ್ಷಿಣದ ಕಲ್ಪಾಕ್ಕಂನಲ್ಲಿ ನಡೆಸುವ ಫಾಸ್ಟ್ ಬ್ರೀಡರ್ ಟೆಸ್ಟ್ ರಿಯಾಕ್ಟರ್ ನಮ್ಮವರಿಗೆ ಅಷ್ಟು ಪರಿಚಿತವಲ್ಲ. 1985ರ ಅಕ್ಟೋಬರ್ 18ರಂದು ಅದರೊಳಗೆ ಸರಣಿ ಕ್ರಿಯೆ ಮೊದಲ ಬಾರಿ ತಾನಾಗಿ ಮುಂದುವರಿದಾಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ತುಮಕೂರು ಜಿಲ್ಲೆಯ ರಾಜಾ ರಾಮಣ್ಣ. ಅದರ ಪೂರ್ಣ ಸಾಮರ್ಥ್ಯ 40 ಮೆಗಾವಾಟ್ ಶಾಖ. ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 13 ಮೆಗಾವಾಟ್. ಆ ಮಟ್ಟವನ್ನು ಅದು ಮುಟ್ಟಿದ್ದು 2022ರ ಮಾರ್ಚ್‌ನಲ್ಲಿ. ಇಷ್ಟು ಚಿಕ್ಕ ಸ್ಥಾವರಕ್ಕೆ ಇಷ್ಟು ಕಾಲವೇ ಎಂದು ಕೇಳುವವರಿದ್ದಾರೆ. ಪ್ರಯೋಗಕ್ಕೆಂದೇ ಕಟ್ಟಿದ್ದನ್ನು ಯೂನಿಟ್ ಲೆಕ್ಕದಲ್ಲಿ ತೂಗಬಾರದು, ಅದು ಏನನ್ನು ಕಲಿಸಿತು ಎಂಬುದರಿಂದ ತೂಗಬೇಕು ಎಂಬುದು ನನ್ನ ವಾದ.

ನಮ್ಮ ಕೈಗಾ ಸ್ಥಾವರದಲ್ಲಿ ಉರಿಯುವುದು ನೈಸರ್ಗಿಕ ಯುರೇನಿಯಂ. ಅದರಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಶೇ 0.7ರಷ್ಟು ಮಾತ್ರ, ಉಳಿದದ್ದು ಬಹುತೇಕ ಯುರೇನಿಯಂ-238. ಈ 238 ನ್ಯೂಟ್ರಾನನ್ನು ನುಂಗಿದರೆ ಕ್ರಮೇಣ ಪ್ಲುಟೋನಿಯಂ ಆಗುತ್ತದೆ, ಅದು ಮತ್ತೆ ಇಂಧನ. ಕೈಗಾದಲ್ಲಿ ನ್ಯೂಟ್ರಾನುಗಳ ವೇಗವನ್ನು ಭಾರಜಲ ತಗ್ಗಿಸುತ್ತದೆ. ಬ್ರೀಡರ್‌ನಲ್ಲಿ ಅವುಗಳನ್ನು ವೇಗವಾಗಿಯೇ ಬಿಡಬೇಕು. ಆಗ ಒಂದೊಂದು ವಿದಳನದಿಂದಲೂ ಮಿಗುವ ನ್ಯೂಟ್ರಾನುಗಳು ಹೆಚ್ಚು, ಸುಟ್ಟಿದ್ದಕ್ಕಿಂತ ಹೆಚ್ಚು ಇಂಧನವನ್ನು ಹುಟ್ಟಿಸಿಕೊಳ್ಳಬಹುದು. ಯುರೇನಿಯಂ ಕಡಿಮೆ, ಥೋರಿಯಂ ಧಾರಾಳ ಇರುವ ದೇಶಕ್ಕೆ ಹೋಮಿ ಭಾಭಾ ಹಾಕಿಕೊಟ್ಟ ಮೂರು ಹಂತದ ಯೋಜನೆಯಲ್ಲಿ ಇದು ನಡುವಿನ ಹಂತ. ಕಲ್ಪಾಕ್ಕಂನ ಪುಟ್ಟ ಕೋರ್ ಸ್ವತಃ ಇಂಧನದ ಲಾಭ ತೋರಿಸುವಷ್ಟು ದೊಡ್ಡದಲ್ಲ. ಅದರ ಕೆಲಸ ಇಂಧನವನ್ನು, ಲೋಹವನ್ನು, ಕೋರ್‌ನ ಶಾಖ ಸಾಗಿಸುವ ದ್ರವ ಸೋಡಿಯಂ ಅನ್ನು ಪರೀಕ್ಷಿಸುವುದು.

ಕಲಿಕೆ ಶುರುವಾದದ್ದು ಒಂದು ಕೊರತೆಯಿಂದ. 1969ರ ಒಪ್ಪಂದದಂತೆ ಫ್ರಾನ್ಸಿನ ರಾಪ್ಸೋದಿ ರಿಯಾಕ್ಟರ್ ಮಾದರಿಯಲ್ಲಿ ಇದನ್ನು ಕಟ್ಟಬೇಕಿತ್ತು, ಸಂವರ್ಧಿತ ಯುರೇನಿಯಂ ಅಲ್ಲಿಂದಲೇ ಬರಬೇಕಿತ್ತು. 1974ರ ಪೋಖ್ರಾನ್ ಸ್ಫೋಟದ ನಂತರ ಆ ದಾರಿ ಮುಚ್ಚಿತು. ಕೈಯಲ್ಲಿದ್ದ ಪ್ಲುಟೋನಿಯಂ ಅನ್ನೇ ಹೆಚ್ಚು ಬೆರೆಸಿ ಆಕ್ಸೈಡ್ ಇಂಧನ ಮಾಡೋಣವೆಂದರೆ ಅದು ಸೋಡಿಯಂ ಜೊತೆ ಹೊಂದುವಂತಿರಲಿಲ್ಲ. ಕೊನೆಗೆ ಶೇ 70ರಷ್ಟು ಪ್ಲುಟೋನಿಯಂ ಕಾರ್ಬೈಡ್, ಶೇ 30ರಷ್ಟು ಯುರೇನಿಯಂ ಕಾರ್ಬೈಡ್ ಎಂಬ ಮಿಶ್ರಣವನ್ನು ಆರಿಸಿಕೊಂಡರು. ಇಡೀ ಕೋರ್ ಅನ್ನು ಇಂಥ ಇಂಧನದಿಂದ ನಡೆಸಿದವರು ಜಗತ್ತಿನಲ್ಲಿ ಬೇರೆ ಇರಲಿಲ್ಲ. ಗಾಳಿ ತಾಗಿದರೆ ಹೊತ್ತಿಕೊಳ್ಳುವ ಈ ಪುಡಿಯನ್ನು ಟ್ರಾಂಬೆಯಲ್ಲಿ ಜಡಾನಿಲ ತುಂಬಿದ ಪೆಟ್ಟಿಗೆಗಳೊಳಗೆ ಗುಳಿಗೆ ಮಾಡಿದರು. ಮೊದಲು ಪ್ರತಿ ಟನ್ನಿಗೆ 25 ಗಿಗಾವಾಟ್-ದಿನ ಉರಿದರೆ ಸಾಕು ಎಂದು ಮಿತಿ ಹಾಕಿಕೊಂಡಿದ್ದರು. ಪ್ರತಿ ಹಂತದಲ್ಲೂ ಇಂಧನವನ್ನು ಹೊರತೆಗೆದು, ಸೀಳಿ ನೋಡಿ, ಮಿತಿಯನ್ನು ಏರಿಸುತ್ತ 165ರವರೆಗೆ ಹೋದರು. ಈ ತಾಳ್ಮೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅವಘಡಗಳೂ ಆದವು. 1987ರ ಮೇನಲ್ಲಿ ಇಂಧನದ ಕಟ್ಟೊಂದನ್ನು ಸ್ಥಳಾಂತರಿಸುವಾಗ ಒಳಗಿನ ಕೊಳವೆ ಬಾಗಿತು. ಸರಿಪಡಿಸಲು ಎರಡು ವರ್ಷ ಹಿಡಿಯಿತು. 2002ರಲ್ಲಿ ಸುಮಾರು 75 ಕಿಲೋ ಸೋಡಿಯಂ ಸೋರಿತು. ನೀರು ಸೋಕಿದರೆ ಸಿಡಿಯುವ, ಗಾಳಿಯಲ್ಲಿ ಉರಿಯುವ ಲೋಹವನ್ನು ಕೊಳವೆಗಳಲ್ಲಿ ಹರಿಸುವುದೇ ದುಸ್ಸಾಹಸವಲ್ಲವೇ ಎಂಬ ಆಕ್ಷೇಪಕ್ಕೆ ಬಲವಿದೆ. ಜಪಾನಿನ ಇಂಥದೇ ರಿಯಾಕ್ಟರ್ ಮೊಂಜು 1995ರ ಸೋಡಿಯಂ ಬೆಂಕಿಯಿಂದ ಚೇತರಿಸಿಕೊಳ್ಳಲೇ ಇಲ್ಲ, ಫ್ರಾನ್ಸ್ ಸೂಪರ್‌ಫೀನಿಕ್ಸ್ ಅನ್ನು ಮುಚ್ಚಿತು. ಆದರೆ ರಷ್ಯಾದ ಬಿಎನ್-600 ಹಲವು ಸೋರಿಕೆಗಳನ್ನು ಕಂಡೂ 1980ರಿಂದ ವಿದ್ಯುತ್ ಕೊಡುತ್ತಿದೆ. ಸೋಡಿಯಂ ಕುದಿಯುವುದು 883 ಡಿಗ್ರಿಯಲ್ಲಿ, ಆದ್ದರಿಂದ ಹೆಚ್ಚಿನ ಒತ್ತಡವಿಲ್ಲದೆ ಶಾಖವನ್ನು ಸಾಗಿಸುತ್ತದೆ. ಅಪಾಯವೂ ಅನುಕೂಲವೂ ಒಂದೇ ವಸ್ತುವಿನಲ್ಲಿವೆ. ಅದನ್ನು ಪಳಗಿಸುವ ಕೈಗಳು 13 ಮೆಗಾವಾಟಿನಲ್ಲಿ ತಪ್ಪಿ ಕಲಿಯುವುದು, 500 ಮೆಗಾವಾಟಿನಲ್ಲಿ ತಪ್ಪುವುದಕ್ಕಿಂತ ಮೇಲು.

ಆ 500 ಮೆಗಾವಾಟಿನ ಮಾದರಿ ಸ್ಥಾವರದ ಕಟ್ಟಡ ಕೆಲಸ ಪಕ್ಕದಲ್ಲೇ 2004ರಲ್ಲಿ ಶುರುವಾಯಿತು, ಕೋರ್ ತುಂಬುವ ಕೆಲಸ ಆರಂಭವಾದದ್ದು 2024ರ ಮಾರ್ಚ್‌ನಲ್ಲಿ. ಈ ವಿಳಂಬವನ್ನು ನಾನು ಸಮರ್ಥಿಸಲಾರೆ. ಅದು ಪ್ರಯೋಗವಲ್ಲ, ಜನರಿಗೆ ವಿದ್ಯುತ್ ಕೊಡುತ್ತೇವೆಂದು ಕಟ್ಟಿದ್ದು; ಅದಕ್ಕೆ ಯೂನಿಟ್ಟಿನ ಲೆಕ್ಕ ನ್ಯಾಯವಾಗಿಯೇ ಅನ್ವಯಿಸುತ್ತದೆ. ಇನ್ನೂ ಗಟ್ಟಿಯಾದ ಪ್ರಶ್ನೆ ಪ್ಲುಟೋನಿಯಂನದು. ಅದು ಬಾಂಬಿಗೂ ಬರುತ್ತದೆ. ಅಮೆರಿಕದ ಜೊತೆಗಿನ ಒಪ್ಪಂದಕ್ಕಾಗಿ 2006ರಲ್ಲಿ ನಾಗರಿಕ ಸ್ಥಾವರಗಳನ್ನು ಬೇರ್ಪಡಿಸಿದಾಗ ಭಾರತ ಈ ಎರಡೂ ಬ್ರೀಡರ್‌ಗಳನ್ನು ಅಂತರರಾಷ್ಟ್ರೀಯ ತಪಾಸಣೆಯಿಂದ ಹೊರಗಿಟ್ಟಿತು. ಸಂಶೋಧನೆಯ ಸ್ವಾತಂತ್ರ್ಯಕ್ಕಾಗಿ ಚಿಕ್ಕದನ್ನು ಹೊರಗಿಟ್ಟದ್ದು ನನಗೆ ಅರ್ಥವಾಗುತ್ತದೆ. ಮನೆಮನೆಗೆ ವಿದ್ಯುತ್ ಕೊಡಬೇಕಾದ ದೊಡ್ಡದನ್ನೂ ಏಕೆ ಹೊರಗಿಡಬೇಕು ಎಂಬುದಕ್ಕೆ ಸರ್ಕಾರ ಕೊಟ್ಟ ಕಾರಣಗಳು ನನಗೆ ಸಾಲವು.