ಬುಡ ಕತ್ತರಿಸುವ ಹುಳುವಿನ ಬಂಧುಬಳಗ

ಅಗ್ರೋಟಿಸ್ ಇಪ್ಸಿಲಾನ್ ಎಂಬ ಪತಂಗದ ಮರಿಹುಳುವನ್ನು ಕೃಷಿ ಪುಸ್ತಕಗಳು ಕತ್ತರಿಸುವ ಹುಳು ಅಥವಾ ಕಪ್ಪು ಕಟ್‌ವರ್ಮ್ ಎನ್ನುತ್ತವೆ. ಹಗಲೆಲ್ಲ ಮಣ್ಣಿನಲ್ಲಿ ಮುದುರಿಕೊಂಡಿದ್ದು, ಕತ್ತಲಾದ ಮೇಲೆ ಹೊರಬಂದು ಎಳೆಯ ಸಸಿಯ ಕಾಂಡವನ್ನು ನೆಲಮಟ್ಟದಲ್ಲೇ ಕತ್ತರಿಸುತ್ತದೆ. ತಿನ್ನುವುದಕ್ಕಿಂತ ಕೆಡವುವುದೇ ಹೆಚ್ಚು. ಲಾಸ್ ಏಂಜಲೀಸ್‌ನ ಪೂರ್ವಕ್ಕಿರುವ ವಾಲ್‌ನಟ್‌ನಿಂದ ಸ್ಯಾನ್ ಡಿಯೇಗೊವರೆಗಿನ ಹಿತ್ತಲುಗಳಲ್ಲಿ ಟೊಮೆಟೊ ಸಸಿಗೆ ಕುತ್ತಾಗುವುದೂ, ಕರ್ನಾಟಕದ ಆಲೂಗೆಡ್ಡೆ ಹೊಲಗಳನ್ನು ಕಾಡುವುದೂ ಇದೇ ಪ್ರಭೇದ.

ಇದನ್ನು ಮೊದಲು ವಿವರಿಸಿದವನು ಬರ್ಲಿನ್ ಸುತ್ತಮುತ್ತಲ ಪತಂಗಗಳನ್ನು ಪಟ್ಟಿ ಮಾಡಿದ ಹಫ್‌ನಾಗೆಲ್, 1766ರಲ್ಲಿ. ಲಿನೇಯಸ್ 1758ರಲ್ಲಿ ಬಹುಪಾಲು ಪತಂಗಗಳನ್ನು ಫಲೀನ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರಿಂದ ಇದೂ ಅಲ್ಲಿಗೇ ಸೇರಿತು. ಅಷ್ಟು ದೊಡ್ಡ ಕುಲ ಉಳಿಯುವಂತಿರಲಿಲ್ಲ. 1816ರಲ್ಲಿ ಓಕ್ಸೆನ್‌ಹೈಮರ್ ಅಗ್ರೋಟಿಸ್ ಕುಲವನ್ನು ಸ್ಥಾಪಿಸಿದ. ಇಪ್ಸಿಲಾನ್ ಈಗ ಇರುವುದು ಅದರಲ್ಲಿ. ಕುಲ ಬದಲಾದ ಪ್ರಭೇದಕ್ಕೆ ಮೊದಲ ವಿವರಣಕಾರನ ಹೆಸರನ್ನು ಆವರಣದಲ್ಲಿ ಬರೆಯಬೇಕೆಂಬುದು ಪ್ರಾಣಿವಿಜ್ಞಾನದ ನಿಯಮ. ಹಾಗಾಗಿ ಪೂರ್ಣ ಹೆಸರು ಅಗ್ರೋಟಿಸ್ ಇಪ್ಸಿಲಾನ್ (ಹಫ್‌ನಾಗೆಲ್, 1766). ಎರಡೂವರೆ ಶತಮಾನದ ಹಿಂದಿನ ಕೆಲಸದ ಋಣ ಆ ಪುಟ್ಟ ಆವರಣದಲ್ಲಿ ಉಳಿದಿದೆ.

ಅಗ್ರೋಟಿಸ್ ಕುಲ ನಾಕ್ಟುಯಿಡೆ ಕುಟುಂಬದ್ದು, ಅದು ನಾಕ್ಟುಯಾಯ್ಡಿಯ ಎಂಬ ಮಹಾಕುಟುಂಬದ್ದು. ಈ ಮಹಾಕುಟುಂಬದ ಪತಂಗಗಳಿಗೆ ಎದೆಯ ಹಿಂಭಾಗದಲ್ಲಿ ಕಿವಿಗಳಿರುತ್ತವೆ. ಬೇಟೆಗೆ ಬರುವ ಬಾವಲಿಯ ಕೂಗು ಅವುಗಳಿಗೆ ಕೇಳಿಸುತ್ತದೆ. ಈಚಿನ ದಶಕಗಳಲ್ಲಿ ಡಿಎನ್‌ಎ ಹೋಲಿಕೆ ಬಂದ ಮೇಲೆ ನಾಕ್ಟುಯಿಡೆಯ ಗಡಿಗಳು ಬದಲಾಗಿ, ಅನೇಕ ಗುಂಪುಗಳು ಎರೆಬಿಡೆ ಕುಟುಂಬಕ್ಕೆ ಹೋದವು. ಅಗ್ರೋಟಿಸ್ ಮಾತ್ರ ಇದ್ದಲ್ಲೇ ಉಳಿಯಿತು. ಇದೇ ಕುಲದ ಬೊಗೊಂಗ್ ಪತಂಗವನ್ನು, ಆಸ್ಟ್ರೇಲಿಯದ ಎತ್ತರದ ಬೆಟ್ಟಗಳಿಗೆ ವಲಸೆ ಹೋಗುವ ಆ ಬಂಧುವನ್ನು, 2021ರಲ್ಲಿ ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಒಂದು ಕುಲವನ್ನಿಡೀ ಪೀಡೆ ಎಂದು ದೂರುವುದು ತಪ್ಪು.

ಕಟ್‌ವರ್ಮ್ ಎಂಬುದು ಒಂದು ಅಭ್ಯಾಸಕ್ಕಿಟ್ಟ ಹೆಸರು. ಅದೇ ಅಭ್ಯಾಸದ ಪೆರಿಡ್ರೋಮ ಸೌಶಿಯ, ಫೆಲ್ಟಿಯ ಸಬ್‌ಟೆರೇನಿಯ ಪ್ರಭೇದಗಳೂ ಕ್ಯಾಲಿಫೋರ್ನಿಯದಲ್ಲಿವೆ. ಎರಡನೆಯದನ್ನು ಕೆಲವರು ಅಗ್ರೋಟಿಸ್‌ಗೇ ಸೇರಿಸಿದ್ದುಂಟು. ಇಪ್ಸಿಲಾನ್ ಪತಂಗದ ಗುರುತು ಮುಂದಿನ ರೆಕ್ಕೆಯಲ್ಲಿದೆ: ಮೂತ್ರಪಿಂಡದಾಕಾರದ ಮಚ್ಚೆಯಿಂದ ಹೊರಕ್ಕೆ ಚಾಚಿದ ಕಪ್ಪು ಕಠಾರಿ ಗೆರೆ. ಅದರ ಮರಿಹುಳು ಬೂದುಗಪ್ಪು ಬಣ್ಣದ್ದು, ಎಣ್ಣೆ ಸವರಿದಂತಿದ್ದು, ಚರ್ಮದ ಮೇಲೆ ಸಣ್ಣ ದೊಡ್ಡ ಹರಳುಗಳಂಥ ಉಬ್ಬುಗಳಿರುತ್ತವೆ.

ಒಂದು ಹೆಣ್ಣು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು, ಹೆಚ್ಚಾಗಿ ಕಳೆಗಳಲ್ಲಿ. ಮೊದಲ ಹಂತಗಳ ಮರಿಗಳು ಎಲೆ ಮೇಯುತ್ತವೆ. ಬಲಿತ ಮೇಲಷ್ಟೇ ಕಾಂಡಕ್ಕೆ ಬಾಯಿ ಹಾಕುತ್ತವೆ. ಅಮೆರಿಕದ ಉತ್ತರ ರಾಜ್ಯಗಳ ಚಳಿಯಲ್ಲಿ ಬದುಕಲಾರದ ಈ ಪತಂಗ ವಸಂತದ ಗಾಳಿ ಹಿಡಿದು ದಕ್ಷಿಣದಿಂದ ಅಲ್ಲಿಗೆ ಹಾರಿಬರುತ್ತದೆ. ನಾಟಿಗೆ ಕೆಲವು ವಾರ ಮೊದಲೇ ಕಳೆ ಕಿತ್ತು ಉಳುವುದು ಒಳ್ಳೆಯ ಕ್ರಮ. ಸಸಿ ಬಿದ್ದಿದ್ದರೆ ಬೆಳಿಗ್ಗೆ ಬುಡದ ಮಣ್ಣು ಕೆದಕಿ ಹುಳುವನ್ನು ಹಿಡಿಯಬಹುದು. ಹಿತ್ತಲಿನಲ್ಲಿ ರಟ್ಟಿನ ಬಳೆಯನ್ನು ಕಾಂಡದ ಸುತ್ತ ಮಣ್ಣಿಗೆ ತುಸು ಇಳಿಸಿಟ್ಟರೆ ಎಳೆಯ ಗಿಡ ಉಳಿಯುತ್ತದೆ.